ಮಾತಿನ ಮಧ್ಯೆ ಭಾರಿ ಭಾರಿ ಪದ: ಎಲ್ಲಿ ಸೊಗಸು, ಎಲ್ಲಿ ಎಡವಟ್ಟು?

ಪದಬಂಧಪ್ರಿಯ:
ಎಲ್ಲರಿಗೂ ನಮಸ್ಕಾರ. ‘ಟೈಮಿಲ್ಲ’ ಅನ್ನೋ ಕಡೆ ‘ಸಮಯದ ಅಭಾವ’, ‘ಊಟ ಆಯ್ತಾ’ ಅನ್ನೋ ಕಡೆ ‘ಭೋಜನವಾಯಿತೇ’ ಅಂತ ಮಾತಾಡೋರನ್ನ ಎಲ್ಲರೂ ನೋಡಿರ್ತೀರಿ. ಒಬ್ಬರ ಬಾಯಲ್ಲಿ ಅದು ಸಲೀಸಾಗಿ ಇಳಿಯುತ್ತೆ, ಇನ್ನೊಬ್ಬರ ಬಾಯಲ್ಲಿ ಕಂಪನಿ ನಾಟಕದ ಡೈಲಾಗ್ ಆಗುತ್ತೆ. ಪದ ಅದೇ, ಅರ್ಥಾನೂ ಅದೇ. ಹಾಗಾದ್ರೆ ಕೆಡೋದು ಎಲ್ಲಿ? ಉದಾಹರಣೆ ಕೊಟ್ಟು ಹೇಳಿ. ‘ಸರಳವಾಗಿ ಮಾತಾಡಿ ಸಾಕು’ ಅನ್ನೋ ಉಪದೇಶ ಬೇಡ.

ಸುಮ್ನೆ_ಓದೋನು:
ಮೊದಲು ಆ ‘ಉಪದೇಶ’ ತೆಗೀರಿ. ‘ಬುದ್ಧಿವಾದ’ ಅನ್ನಿ. ಅಯ್ಯೋ, ಅದೂ ಸಂಸ್ಕೃತವೇ.

ಅಚ್ಚುಮೊಳೆ:
ಕೆಡೋ ಜಾಗ ಮೂರು: ಉಚ್ಚಾರ, ಜೊತೆಗೆ ಬರೋ ಕ್ರಿಯಾಪದ, ವಾಕ್ಯದ ಬಾಲ. ಉಚ್ಚಾರದಿಂದ ಶುರು ಮಾಡ್ತೀನಿ, ಯಾಕಂದ್ರೆ ಅಲ್ಲಿ ಆಗೋ ಅನಾಹುತಕ್ಕೆ ಪರಿಹಾರವೇ ಇಲ್ಲ.

ಅಪಾಯದ ಜೋಡಿಗಳಲ್ಲಿ ಒಂದನೇ ನಂಬರ್ ‘ಕೃತಜ್ಞ’ ಮತ್ತು ‘ಕೃತಘ್ನ’. ಮೊದಲನೆಯದು ಮಾಡಿದ ಉಪಕಾರ ನೆನೆಯುವವನು, ಎರಡನೆಯದು ಉಪಕಾರ ಮಾಡಿದವರಿಗೇ ದ್ರೋಹ ಬಗೆಯುವವನು. ಬರೆಯುವಾಗ ಬೇರೆ ಬೇರೆ, ಸರಿ. ಮಾತಲ್ಲಿ? ‘ಜ್ಞ’ವನ್ನು ನಾವೆಲ್ಲ ‘ಗ್ಞ’ ಅಂತೀವಿ, ಅವಸರದಲ್ಲಿ ‘ಗ್ನ’ ಆಗುತ್ತೆ. ‘ಘ್ನ’ದ ಮಹಾಪ್ರಾಣ ಬಿದ್ದು ಹೋದರೆ ಅದೂ ‘ಗ್ನ’. ಎರಡೂ ಒಂದೇ ಕಡೆ ಬಂದು ನಿಂತವು. ‘ನಾನು ನಿಮಗೆ ಸದಾ ಕೃತಗ್ನ’ ಅಂದಾಗ ಕೇಳುವವರು ದೊಡ್ಡ ಮನಸ್ಸು ಮಾಡಿ ಒಳ್ಳೇ ಅರ್ಥ ಹಿಡಿದುಕೊಳ್ಳಬೇಕು, ಅಷ್ಟೇ. ಬಾಯಿಮಾತಿಗೆ ‘ಋಣಿ’ ಸುರಕ್ಷಿತ, ‘ನಿಮ್ಮ ಉಪಕಾರ ಮರೆಯಲ್ಲ’ ಇನ್ನೂ ಸುರಕ್ಷಿತ.

ಇನ್ನು ಕೆಲವು: ‘ಅಪೇಕ್ಷೆ’ (ಬಯಕೆ) – ‘ಉಪೇಕ್ಷೆ’ (ಅಸಡ್ಡೆ). ‘ನಿಮ್ಮ ಉಪೇಕ್ಷೆಯಂತೆ ಎಲ್ಲಾ ಮಾಡಿದ್ದೇವೆ’ ಅಂದ್ರೆ ಬೈದ ಹಾಗೆ. ‘ಪರಿಣಾಮ’ – ‘ಪರಿಮಾಣ’. ‘ನಿಧಾನ’ – ‘ನಿದಾನ’. ಎರಡನೆಯದು ವೈದ್ಯರದ್ದು, ರೋಗದ ಕಾರಣ ಪತ್ತೆಮಾಡೋದು. ‘ಪರಿಣತ’ ಅಂದರೆ ಪಳಗಿದವನು, ‘ಪರಿಣೀತ’ ಅಂದರೆ ಮದುವೆಯಾದವನು, ಎಲ್ಲರೂ ಬರೆಯೋ ‘ಪರಿಣಿತ’ ಈ ಕಡೆಯೂ ಇಲ್ಲ, ಆ ಕಡೆಯೂ ಇಲ್ಲ. ಮದುವೆ ನಿಶ್ಚಯವಾದವನು ಅಂತ ಇಟ್ಕೊಳ್ಳಿ.

ಚಿಲ್ಲರೆ_ಅಂಗಡಿ:
‘ಚಿರಋಣಿ’ ಸರೀನಾ?

ಅಚ್ಚುಮೊಳೆ:
ಸಂಧಿ ಹಿಡಿದು ಹೋದರೆ ‘ಚಿರರ್ಣಿ’ ಆಗಬೇಕು. ಹಾಗಂದರೆ ಚರ್ಮರೋಗದ ಹೆಸರಿನ ಹಾಗೆ ಕೇಳುತ್ತೆ. ‘ಚಿರಋಣಿ’ ಅಂತಲೇ ಹೇಳಿ, ಯಾವ ವೈಯಾಕರಣಿಯೂ ಬಂದು ಹಿಡಿಯಲ್ಲ.

ಮೈಕ್_ಟೆಸ್ಟಿಂಗ್:
ಕಾರ್ಯಕ್ರಮ ನಿರೂಪಣೆಯಲ್ಲಿ ಕೊರಳು ಕುಯ್ಯೋದು ಹಕಾರ. ಹಳೇ ಮೈಸೂರು ಕಡೆ ಆಡುಮಾತಲ್ಲಿ ‘ಹ’ ಬೀಳುತ್ತೆ: ಹಾಲು ‘ಆಲು’, ಹೋಗು ‘ಓಗು’. ಮೈಕ್ ಮುಂದೆ ನಿಂತಾಗ ಇದು ನೆನಪಾಗಿ, ಬಿದ್ದಿರೋ ಹಕಾರಗಳನ್ನೆಲ್ಲ ಎತ್ತಿ ಎತ್ತಿ ಸಿಕ್ಕ ಸ್ವರಕ್ಕೆಲ್ಲ ಅಂಟಿಸೋಕೆ ಹೋಗ್ತಾರೆ. ‘ಆದರದ ಸ್ವಾಗತ’ ಅನ್ನೋದು ಆಗ ‘ಹಾದರದ ಸ್ವಾಗತ’ ಆಗುತ್ತೆ. ಮುಂದಿನ ಸಾಲಲ್ಲಿ ಕೂತ ಅತಿಥಿ ದಂಪತಿ ಮುಖ ನೋಡೋ ಹಾಗಿರಲ್ಲ. ಉಲ್ಟಾ ಕೇಸೂ ಇದೆ: ‘ಹಾರ್ದಿಕ’ ಹೋಗಿ ‘ಆರ್ದಿಕ’, ಅದನ್ನ ತಿದ್ದಲು ಹೋಗಿ ‘ಆರ್ಥಿಕ ಸ್ವಾಗತ’. ದುಡ್ಡು ಕೊಟ್ಟು ಕರೆಸಿದ ಅತಿಥಿ ಆದ್ರೆ ಅದೇ ಸರಿ ಬಿಡಿ.

ತಪ್ಪಿಸೋದು ಹೀಗೆ: ಬರೆದಿಟ್ಟ ಸ್ಕ್ರಿಪ್ಟಲ್ಲಿ ಪದದ ಮೊದಲಕ್ಷರ ‘ಆ’ ಅಥವಾ ‘ಹಾ’ ಇದ್ದರೆ ಕೆಂಪು ಪೆನ್ನಲ್ಲಿ ಸುತ್ತು ಹಾಕಿ, ಮೂರು ಸಲ ಗಟ್ಟಿಯಾಗಿ ಓದಿ. ಆಮೇಲೂ ನಾಲಿಗೆ ಹೊರಳದಿದ್ದರೆ ಪದವನ್ನೇ ಬದಲಾಯಿಸಿ. ‘ಪ್ರೀತಿಯ ಸ್ವಾಗತ’ದಲ್ಲಿ ಹಕಾರದ ತಂಟೆಯೇ ಇಲ್ಲ.

ಎಲ್ಲರನುಡಿ:
ಇದಕ್ಕೇ ಹೇಳೋದು, ಮಹಾಪ್ರಾಣ ಕನ್ನಡಿಗರ ಬಾಯಲ್ಲಿ ಸಹಜವಾಗಿ ಇಲ್ಲ ಅಂತ. ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಬರವಣಿಗೆಯಲ್ಲೂ ಅದನ್ನ ಬಿಡಬಹುದು ಅಂತ ವಾದಿಸಿದ್ದು ಸುಮ್ಮನೆ ಅಲ್ಲ. ಖ ಘ ಛ ಝ ಠ ಢ ಥ ಧ ಫ ಭ, ಈ 10 ಅಕ್ಷರಕ್ಕಾಗಿ ಮಕ್ಕಳು ಎಷ್ಟು ಮಾರ್ಕ್ಸ್ ಕಳ್ಕೊಂಡಿವೆ.

ಅಚ್ಚುಮೊಳೆ:
ಬಿಡೋದು ಬೇರೆ ಚರ್ಚೆ. ಬಳಸೋರು ಬೇಡದ ಕಡೆ ಹಾಕೋದು ದೊಡ್ಡ ತೊಂದರೆ: ‘ಅಧ್ಭುತ’, ‘ಉಧ್ಘಾಟನೆ’, ‘ಸಂಧರ್ಭ’, ‘ವಿಧ್ಯಾರ್ಥಿ’, ‘ಉಚ್ಛಾರ’. ಭಾರಿ ಪದ ಅಂದಮೇಲೆ ಒಂದು ಹೊಟ್ಟೆ ಸೀಳಿರಲೇಬೇಕು ಅನ್ನೋ ನಂಬಿಕೆ.

ಅರ್ಧಕ್ಕರ್ಧ ತಪ್ಪು ತಪ್ಪಿಸೋ ಸೂತ್ರ ಒಂದಿದೆ. ವರ್ಗಾಕ್ಷರದ ಕೆಳಗೆ ಅನುನಾಸಿಕ (ಙ ಞ ಣ ನ ಮ) ಬಿಟ್ಟು ಇನ್ನೊಂದು ವರ್ಗಾಕ್ಷರ ಒತ್ತಾಗಿ ಬಂದರೆ ಮೇಲಿನದು ಮಹಾಪ್ರಾಣ ಆಗಲ್ಲ. ಆದ್ದರಿಂದ ಅದ್ಭುತ, ಉದ್ಘಾಟನೆ, ಬುದ್ಧಿ, ಸ್ವಚ್ಛ: ಕೆಳಗಿನದಕ್ಕೆ ಮಾತ್ರ ಉಸಿರು. ಒತ್ತು ಅನುನಾಸಿಕ (‘ಕೃತಘ್ನ’ದ ಹಾಗೆ) ಇಲ್ಲವೇ ಯ, ರ, ವ ಆಗಿದ್ದರೆ ಈ ಸೂತ್ರ ನಡೆಯಲ್ಲ, ಆಗ ಧಾತು ನೋಡಬೇಕು. ‘ವಿದ್’ ಅಂದರೆ ತಿಳಿ, ಅದರಿಂದ ವಿದ್ಯೆ, ವಿದ್ಯಾರ್ಥಿ. ಹಾಗೇ ‘ಮಧ್ಯ’ ನಡು, ‘ಮದ್ಯ’ ಹೆಂಡ. ‘ಮಧ್ಯಪಾನ ನಿಷೇಧಿಸಲಾಗಿದೆ’ ಅಂತ ಬೋರ್ಡ್ ಇದ್ದರೆ ಮೊದಲಲ್ಲೂ ಕೊನೆಯಲ್ಲೂ ಕುಡಿಯಬಹುದು.

ಧಾರವಾಡ_ಪೇಢೆ:
ಅಲ್ರಿ, ಯಾವದು ಭಾರಿ ಪದ ಅನ್ನೂದ ಊರಿಂದ ಊರಿಗೆ ಬ್ಯಾರೆ ಆಗ್ತದ. ‘ತ್ರಾಸ’ ಅನ್ನೂ ಶಬ್ದ ಬೆಂಗಳೂರಾಗ ಪುಸ್ತಕದಾಗ ಸಿಗ್ತದ, ನಮ್ಮ ಕಡೆ ಕಾಯಿಪಲ್ಲೆ ಮಾರೂ ಅಜ್ಜಿ ‘ಭಾಳ ತ್ರಾಸ ಆಗೇದ್ರಿ’ ಅಂತಾಳ. ‘ಸಾವಕಾಶ ಹೋಗ್ರಿ’ ಅಂದ್ರ ಮೆಲ್ಲಕ ಹೋಗ್ರಿ ಅಂತ, ಅದರಾಗ ಯಾವ ದೊಡ್ಡಸ್ತಿಕೆನೂ ಇಲ್ಲ. ನಿಮಗ ‘ಪದ’ ಅಂದ್ರ ಶಬ್ದ, ನಮಗ ‘ಪದ’ ಅಂದ್ರ ಹಾಡೂದು. ಮತ್ತ ಯಾರು ಯಾರಿಗೆ ನಗೂದ?

ಕುಡ್ಲ_ಮಾರಾಯ:
ಇಲ್ಲಿಯೂ ಅದೇ ಕಥೆ. ‘ಇವತ್ತು ಎಂತ ಪದಾರ್ಥ?’ ಅಂತ ಕೇಳಿದ್ರೆ ಅದು ತತ್ತ್ವಶಾಸ್ತ್ರ ಅಲ್ಲ ಮಾರಾಯ್ರೆ, ಅನ್ನಕ್ಕೆ ಎಂತ ಮಾಡಿದ್ದು ಅಂತ. ‘ಪ್ರಾಯ ಎಷ್ಟು?’ ಅಂದ್ರೆ ವಯಸ್ಸು. ಮೈಸೂರಿನವ್ರಿಗೆ ಪ್ರಾಯ ಅಂದ್ರೆ ಯೌವನ, ಎಪ್ಪತ್ತರ ಅಜ್ಜನ ಹತ್ರ ಕೇಳಿದ್ರೆ ಅವ್ರು ನಾಚಿಕೊಳ್ತಾರೆ. ಹುಷಾರಿಲ್ಲದಿದ್ರೆ ‘ಅಸೌಖ್ಯ’. ಉಪಟಳ ಕೊಟ್ರೆ ‘ಉಪದ್ರ’. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಮಾತಾಡಿ ಕನ್ನಡ ಶಾಲೆಯಿಂದ ಬಂದವ್ರು ತುಂಬ ಜನ ಇದ್ದಾರೆ. ಹಾಗಾಗಿ ಪುಸ್ತಕದ ಶಬ್ದವೇ ಬಾಯಿಗೆ ಮೊದಲು ಬರುವುದು. ಅದು ಗತ್ತು ಅಲ್ಲ.

ಗತ್ತಿನ ಕನ್ನಡ ಕೇಳಬೇಕಾದ್ರೆ ತಾಳಮದ್ದಳೆಗೆ ಬನ್ನಿ. ವೇಷ ಇಲ್ಲ, ಕುಣಿತ ಇಲ್ಲ, ಕೂತುಕೊಂಡು ಮಾತೇ. ಭಾಗವತರು ಪದ್ಯ ಹೇಳಿದ ಮೇಲೆ ಅರ್ಥಧಾರಿ ಅಲ್ಲಿಂದಲ್ಲಿಗೇ ಮಾತು ಕಟ್ಟಬೇಕು, ಎದುರಿನವ ಹಾಕಿದ ಪ್ರಶ್ನೆಗೆ ಅದೇ ಎತ್ತರದಲ್ಲಿ ಉತ್ತರ ಕೊಡಬೇಕು, ಒಂದು ಇಂಗ್ಲಿಷ್ ಶಬ್ದ ನುಸುಳಿದ್ರೆ ಸಭೆ ಗಮನಿಸ್ತದೆ. ಆದ್ರೂ ಊರಿನವ್ರಿಗೆಲ್ಲ ಅರ್ಥ ಆಗ್ತದೆ, ಹೇಗೆ? ಒಂದು ಗಟ್ಟಿ ಶಬ್ದ ಬಂತು ಅಂದ್ರೆ ಅದರ ಬೆನ್ನಿಗೇ ಸುಲಭದ ಮಾತು ಬರ್ತದೆ. ‘ಕಾಲಹರಣವೇಕೆ? ಹೊತ್ತು ಕಳೆಯುವುದೇಕೆ?’ ಕೇಳುಗನಿಗೆ ಶಬ್ದವೂ ಸಿಕ್ಕಿತು, ಅರ್ಥವೂ ಸಿಕ್ಕಿತು, ಪಾಠ ಹೇಳಿಸಿಕೊಂಡ ಹಾಗೂ ಆಗ್ಲಿಲ್ಲ. ಯಕ್ಷಗಾನದ ಆಟದಲ್ಲಾದ್ರೆ ರಾಜ ಗಂಭೀರವಾಗಿ ಮಾತಾಡಿದ ಕೂಡಲೇ ಹಾಸ್ಯಗಾರ ಬಂದು ಅದನ್ನೇ ಆಡುಮಾತಲ್ಲಿ ತಿರುಚಿ ಹೇಳ್ತಾನೆ. ಪದಬಂಧಪ್ರಿಯರೆ, ನಿಮ್ಮ ಪ್ರಶ್ನೆಗೆ ಉತ್ತರ ಬೇಕಾದ್ರೆ ಒಂದು ರಾತ್ರಿ ಕೂತು ಕೇಳಿ.

ಪದಬಂಧಪ್ರಿಯ:
ಬೆನ್ನಿಗೇ ಸುಲಭದ ಮಾತು! ಇದು ಬಳಸಬಹುದಾದ ಉಪಾಯ. ಆಫೀಸಲ್ಲಿ ‘ಕಾಲಹರಣವೇಕೆ’ ಅಂದ್ರೆ ಎದ್ದು ಹೋಗ್ತಾರೇನೋ, ಆದ್ರೂ.

ಲಗತ್ತು_ಸಹಿತ:
ಅಚ್ಚುಮೊಳೆ ಹೇಳಿದ ಎರಡನೇ ಜಾಗ, ಕ್ರಿಯಾಪದ, ಅದನ್ನ ಯಾರೂ ಮುಟ್ಟಲಿಲ್ಲ. ಭಾರಿ ಪದಕ್ಕೆಲ್ಲ ಗೊತ್ತಾದ ಜೊತೆಗಾರ ಇರ್ತಾನೆ. ಗಮನ ‘ಹರಿಸ’ಬೇಕು, ಕ್ರಮ ‘ಜರುಗಿಸ’ಬೇಕು ಇಲ್ಲವೇ ‘ಕೈಗೊಳ್ಳ’ಬೇಕು, ಕಾಳಜಿ ‘ವಹಿಸ’ಬೇಕು, ಆಕ್ಷೇಪ ‘ಎತ್ತ’ಬೇಕು, ಚಾಲನೆ ‘ನೀಡ’ಬೇಕು. ನಾಮಪದ ಮಾತ್ರ ನಿಘಂಟಿಂದ ಎತ್ತಿಕೊಂಡು ಬಂದು ‘ಮಾಡು’, ‘ಕೊಡು’ ಅಂಟಿಸಿದರೆ ತೇಪೆ ಕಾಣುತ್ತೆ. ‘ಅವರ ಮನೆಯವರಿಗೆ ಸಂತಾಪ ಕೊಟ್ಟು ಬಂದೆ’ ಅಂದ್ರೆ ಏನರ್ಥ? ಸಂತಾಪ ಸೂಚಿಸೋದು. ಕೊಡೋದು ಅಂದ್ರೆ ಕಾಟ.

ಇನ್ನೊಂದು, ಮರ್ಯಾದೆಯ ಕ್ರಿಯಾಪದ ತನಗೇ ಹಾಕ್ಕೊಳ್ಳೋದು. ‘ದಯಮಾಡಿಸು’, ‘ಚಿತ್ತೈಸು’, ‘ಆರೋಗಣೆ ಮಾಡು’ ಇವೆಲ್ಲ ಎದುರಿನವರಿಗೆ, ದೇವರಿಗೆ, ಗುರುಗಳಿಗೆ. ‘ನಾನು ಹತ್ತು ಗಂಟೆಗೆ ದಯಮಾಡಿಸ್ತೀನಿ’ ಅಂದ್ರೆ ತಮಾಷೆ ಆಗಿರಬೇಕು, ಇಲ್ಲಾಂದ್ರೆ ತಲೆ ಕೆಟ್ಟಿರಬೇಕು. ‘ತಾವು’ ಅಂತ ಶುರು ಮಾಡಿ ‘ಬಾ’ ಅಂತ ಮುಗಿಸೋದೂ ಇದೇ ಜಾತಿ.

ಸುಮ್ನೆ_ಓದೋನು:
‘ತಾವು ಕೂತ್ಕೊಳ್ಳಿ, ತಮ್ಮ ಹಿಂದೆ ನಿಂತಿರೋನು ಎದ್ದು ಹೋಗ್ಲಿ.’ ಸರ್ಕಾರಿ ಕಚೇರಿ ಕನ್ನಡ.

ಲಗತ್ತು_ಸಹಿತ:
ಸರ್ಕಾರಿ ಕಚೇರಿಯ ಭಾರಿ ಪದ ಸಂಸ್ಕೃತದ್ದೂ ಅಲ್ಲ ಸ್ವಾಮಿ. ಅರ್ಜಿ, ಹಾಜರಾತಿ, ಖುದ್ದು, ಜರೂರು, ಷರಾ, ತಹಶೀಲ್ದಾರ್, ಎಲ್ಲ ಪಾರಸಿ-ಅರಬ್ಬೀ ದಾರಿಯಲ್ಲಿ ಬಂದವು. ಅದಕ್ಕೆ ‘ಸದರಿ’, ‘ಮೇಲ್ಕಂಡ’, ‘ತತ್ಸಂಬಂಧ’ ಸೇರಿ ಒಗ್ಗರಣೆ. ಬರವಣಿಗೆಯಲ್ಲಿ ‘ಸದರಿ’ ಬೇಕೇ ಬೇಕು, ಯಾವ ಜಮೀನು ಅಂತ ಗೊಂದಲ ಆಗಬಾರದು. ಮಾತಲ್ಲಿ ‘ಸದರಿ ದೋಸೆಗೆ ಚಟ್ನಿ ಸಾಲದು’ ಅಂದ್ರೆ ಮಾತ್ರ ಮಜಾ.

ಹಳೆಹೊನ್ನು:
ಮದುವೆ ಕಾಗದ ನೋಡಿ. ‘ತಾವು ಸಕುಟುಂಬ ಸಮೇತರಾಗಿ ಆಗಮಿಸಿ.’ ‘ಸಕುಟುಂಬ’ದ ‘ಸ’ ಅಂದರೇ ಸಹಿತ. ಮತ್ತೆ ‘ಸಮೇತ’ ಯಾಕೆ? ‘ಸಕುಟುಂಬರಾಗಿ’ ಅನ್ನಿ ಇಲ್ಲವೇ ‘ಕುಟುಂಬ ಸಮೇತ’ ಅನ್ನಿ. ‘ಸವಿನಯಪೂರ್ವಕ’ ಕೂಡ ಹೀಗೇ, ‘ಸವಿನಯ’ ಅಥವಾ ‘ವಿನಯಪೂರ್ವಕ’, ಒಂದು ಸಾಕು.

ಶ್ರದ್ಧಾಂಜಲಿ ಫ್ಲೆಕ್ಸಲ್ಲಿ ‘ಶೃದ್ಧಾಂಜಲಿ’. ಶೃಂಗಾರ, ಶೃಂಗೇರಿಗೆ ‘ಶೃ’. ಶ್ರಮ, ಶ್ರಾವಣ, ಶ್ರದ್ಧೆಗೆ ‘ಶ್ರ’. ‘ಶ್ರುತಿ’ಗೆ ಎರಡೂ ಅಲ್ಲ, ಅದು ‘ಶ್ರು’. ಋಕಾರವನ್ನು ನಾವು ‘ರು’ ಅಂತ ಉಚ್ಚರಿಸೋದರಿಂದ ಬಂದ ಗೊಂದಲ.

‘ನಂತರ’ ಬೇಡ, ‘ಅನಂತರ’ ಸರಿ. ಅಂತರ ಇಲ್ಲದ್ದು ಅನಂತರ. ‘ನಂತರ’ ಸಂಸ್ಕೃತದಲ್ಲಿ ಇಲ್ಲ.

ಚಿಲ್ಲರೆ_ಅಂಗಡಿ:
ಸಂಸ್ಕೃತದಲ್ಲಿ ಇಲ್ಲ ಅಂದ್ರೆ ಕನ್ನಡದಲ್ಲಿ ಇರಬಾರದಾ? ಪತ್ರಿಕೆ, ಪಠ್ಯಪುಸ್ತಕ ಎಲ್ಲಾ ಕಡೆ ‘ನಂತರ’ ಇದೆ. ಅದು ಈಗ ಕನ್ನಡ ಪದ. ‘ಅನಂತರ’ ಅಂದ್ರೆ ಮೊದಲು ಅನಂತ ಯಾರು ಅಂತ ಕೇಳ್ತಾರೆ.

ಹಳೆಹೊನ್ನು:
ಬಳಕೆ ಹೆಚ್ಚಾಯಿತು ಅಂತ ತಪ್ಪು ಸರಿಯಾಗುತ್ತದೆಯೇ?

ಅಚ್ಚುಮೊಳೆ:
ಆಗುತ್ತೆ ಸಾರ್. ‘ಅವಸರ’ ಸಂಸ್ಕೃತದಲ್ಲಿ ಸಂದರ್ಭ, ನಮಗೆ ಗಡಿಬಿಡಿ. ‘ಅವಾಂತರ’ ಅಲ್ಲಿ ಒಳಗಿನದು, ನಡುವಿನದು, ಇಲ್ಲಿ ಎಡವಟ್ಟು. ‘ಸಂಸಾರ’ ಅಲ್ಲಿ ಹುಟ್ಟುಸಾವಿನ ಚಕ್ರ, ಇಲ್ಲಿ ಹೆಂಡತಿ ಮಕ್ಕಳು. (ಒಂದೇ ಅಂತ ಯಾರಾದರೂ ಹೇಳೋ ಮೊದಲೇ ನಾನೇ ಬರೆದುಬಿಡ್ತೀನಿ.) ‘ಜಿಲ್ಲಾಧಿಕಾರಿ’ ತಗೊಳ್ಳಿ. ಜಿಲ್ಲಾ ಅರಬ್ಬೀ ಮೂಲ, ಅಧಿಕಾರಿ ಸಂಸ್ಕೃತ, ಮಧ್ಯೆ ಸವರ್ಣದೀರ್ಘ ಸಂಧಿ. ಕನ್ನಡ-ಸಂಸ್ಕೃತ ಬೆರೆಸಿದ ಸಮಾಸವನ್ನೇ ಕೇಶಿರಾಜ 13ನೇ ಶತಮಾನದ ‘ಶಬ್ದಮಣಿದರ್ಪಣ’ದಲ್ಲಿ ಅರಿಸಮಾಸ ಅಂತ ಬೇಡ ಅಂದವನು, ಕೆಲವು ಕಡೆ ವಿನಾಯಿತಿ ಕೊಟ್ಟು. ‘ಮಳೆಗಾಲ’ದಲ್ಲಿ ಮಳೆ ನಮ್ಮದು, ಕಾಲ ಅವರದು. ಬಿಡೋಕಾಗುತ್ತಾ?

ಪುಣೆಯಿಂದ_ಪತ್ರ:
ಹೊರರಾಜ್ಯದಲ್ಲಿ ಇರೋರಿಗೆ ಇನ್ನೊಂದು ಗುಂಡಿ ಇದೆ. ಹಿಂದಿಯಲ್ಲಿ ಕೇಳಿದ ಸಂಸ್ಕೃತ ಪದ ಹಾಗೇ ಕನ್ನಡಕ್ಕೆ ತಂದರೆ ಕಥೆ ಮುಗೀತು. ಹಿಂದಿಯ ‘ಶಿಕ್ಷಾ’ ಓದು, ನಮ್ಮ ‘ಶಿಕ್ಷೆ’ ದಂಡನೆ. ‘ಮಗನಿಗೆ ಒಳ್ಳೇ ಶಿಕ್ಷೆ ಕೊಡಿಸಬೇಕು’ ಅಂದ್ರೆ ಅಜ್ಜಿ ಗಾಬರಿಯಾಗ್ತಾರೆ. ಅವರ ‘ಉಪನ್ಯಾಸ’ ಕಾದಂಬರಿ, ನಮ್ಮದು ಭಾಷಣ. ಅವರ ‘ಅವಕಾಶ’ ರಜೆ, ನಮ್ಮದು ಚಾನ್ಸು. ಅವರ ‘ವ್ಯವಸಾಯ’ ವ್ಯಾಪಾರ, ನಮ್ಮದು ಬೇಸಾಯ. ಅವರ ‘ಚೇಷ್ಟಾ’ ಪ್ರಯತ್ನ, ನಮ್ಮ ‘ಚೇಷ್ಟೆ’ ತರಲೆ. ಬ್ಯಾಂಕುಗಳಲ್ಲಿ ‘ಶಾಖಾ ಪ್ರಬಂಧಕ’ ಅಂತ ಹಿಂದಿ ಬೋರ್ಡ್ ನೋಡಿರ್ತೀರಿ. ನಮಗೆ ಪ್ರಬಂಧ ಅಂದ್ರೆ ಪರೀಕ್ಷೆಯಲ್ಲಿ ಬರೆಯೋದು, ಹಾಗಾಗಿ ಒಳಗೆ ಕೂತಿರೋರು ಪ್ರಬಂಧ ಬರೀತಿದ್ದಾರೆ ಅಂತ ಅರ್ಥ. ಕನ್ನಡದಲ್ಲಿ ವ್ಯವಸ್ಥಾಪಕ.

ಮೈಕ್_ಟೆಸ್ಟಿಂಗ್:
ತೀರಿಕೊಂಡ ಸುದ್ದಿ ಹೇಳುವಾಗ ದಯವಿಟ್ಟು ಹುಷಾರು. ವಾಟ್ಸಾಪಲ್ಲಿ ಚೆಂದ ಕಂಡಿತು ಅಂತ ‘ಲಿಂಗೈಕ್ಯ’ ಎಲ್ಲರಿಗೂ ಹಾಕ್ತಾರೆ. ಅದು ಲಿಂಗಾಯತ ಪರಂಪರೆಯದು. ‘ಬೃಂದಾವನಸ್ಥ’ ಮಾಧ್ವ ಯತಿಗಳಿಗೆ. ‘ಜಿನೈಕ್ಯ’ ಜೈನರಿಗೆ. ‘ವೈಕುಂಠವಾಸಿ’, ‘ಕೈಲಾಸವಾಸಿ’ ಮನೆತನ ನೋಡಿ ಬಳಸೋದು. ಏನೂ ಗೊತ್ತಿಲ್ಲದಿದ್ದರೆ ‘ತೀರಿಕೊಂಡರು’. ಇಂಥ ಹೊತ್ತಲ್ಲಿ ಯಾರೂ ಶಬ್ದಸಂಪತ್ತು ಅಳೆಯಲ್ಲ, ತಪ್ಪಿದರೆ ಮಾತ್ರ ವರ್ಷಗಟ್ಟಲೆ ನೆನಪಿಟ್ಟುಕೊಳ್ತಾರೆ.

ಎಲ್ಲರನುಡಿ:
ಇಷ್ಟೆಲ್ಲ ಪಾಡು ಯಾಕೆ? ಅಚ್ಚಗನ್ನಡ ಇದೆಯಲ್ಲ. ಇಮೇಲ್‌ಗೆ ಮಿಂಚೆ, ವೆಬ್‌ಸೈಟ್‌ಗೆ ಮಿಂದಾಣ, ರೇಡಿಯೋಗೆ ಬಾನುಲಿ. ನಾಲಿಗೆ ತೊಡರಲ್ಲ, ಹೊಟ್ಟೆ ಸೀಳೋದೂ ಇಲ್ಲ.

ಚಿಲ್ಲರೆ_ಅಂಗಡಿ:
‘ನಿಮ್ಮ ಮಿಂಚೆ ಮಿಂದಾಣದಿಂದ ಬಂತು’ ಅಂದ್ರೆ ಸ್ನಾನ ಮಾಡ್ಕೊಂಡು ಬಂದ್ರಾ ಅಂತ ಕೇಳ್ತಾರೆ. ಗತ್ತಿನ ಪದ ಸಂಸ್ಕೃತದ್ದೇ ಆಗಬೇಕು ಅಂತಿಲ್ಲ, ಅಪರೂಪದ ಕನ್ನಡ ಪದವೂ ಗತ್ತೇ.

ಲಗತ್ತು_ಸಹಿತ:
ಅದೃಷ್ಟ ಕೂಡ ಬೇಕು. 1935ರಲ್ಲಿ ಮೈಸೂರಲ್ಲಿ ಎಂ.ವಿ. ಗೋಪಾಲಸ್ವಾಮಿ ಅವರು ಶುರು ಮಾಡಿದ ರೇಡಿಯೋ ಕೇಂದ್ರಕ್ಕೆ ‘ಆಕಾಶವಾಣಿ’ ಅಂತ ಹೆಸರಾಯಿತು. ಐದಕ್ಷರದ ಸಂಸ್ಕೃತ ಸಮಾಸ, ಆದ್ರೂ ಓದು ಬರದವರ ಬಾಯಲ್ಲೂ ಕೂತಿತು, ಯಾಕಂದ್ರೆ ದಿನಾ ಕಿವಿಗೆ ಬಿತ್ತು. ‘ಬಾನುಲಿ’ ಅದಕ್ಕಿಂತ ಚಿಕ್ಕದು, ಹಗುರ, ಆದ್ರೆ ಬರವಣಿಗೆಯಲ್ಲೇ ಉಳೀತು. ‘ಗಣಕಯಂತ್ರ’ ಬೋರ್ಡಲ್ಲಿದೆ, ಬಾಯಲ್ಲಿಲ್ಲ. ‘ಕಡತ’ ಮಾತ್ರ ಗೆದ್ದಿದೆ, ಕಚೇರಿಯಲ್ಲಿ ಸಲೀಸಾಗಿ ಬಳಸ್ತಾರೆ.

ಹಳೆಹೊನ್ನು:
ಕಡತ ಹೊಸದಾಗಿ ಕಟ್ಟಿದ ಪದ ಅಲ್ಲ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲಪುಡಿ ಕಲಸಿ ಬಳಿದು, ಒಣಗಿಸಿ ಗಟ್ಟಿ ಮಾಡಿ, ಬೀಸಣಿಗೆ ಹಾಗೆ ಮಡಚುತ್ತಿದ್ದರು. ಕಪ್ಪು ಹಲಗೆಯಂತಾಗುತ್ತಿತ್ತು. ಬಳಪದಲ್ಲಿ ಬಿಳಿ ಅಕ್ಷರ ಬರೆಯುವುದು, ಬೇಡದಾಗ ಒರೆಸಿ ಮತ್ತೆ ಬರೆಯುವುದು. ಮಠಗಳಲ್ಲಿ, ವ್ಯಾಪಾರಿಗಳ ಹತ್ತಿರ ಲೆಕ್ಕಪತ್ರ ಹೀಗಿರುತ್ತಿತ್ತು. ಶೃಂಗೇರಿ ಮಠದ ಕಡತಗಳು ಪ್ರಸಿದ್ಧ.

ಚಿಲ್ಲರೆ_ಅಂಗಡಿ:
ಒರೆಸಿ ಮತ್ತೆ ಬರೆಯೋದಾ? ಅಂದ್ರೆ ಕಚೇರಿಗೆ ಸರಿಯಾದ ಪದವನ್ನೇ ಆರಿಸಿದ್ದಾರೆ.

ಪದಬಂಧಪ್ರಿಯ:
ಕ್ಯಾತೆ ಸಾಕು, ಸೊಗಸಿನ ಭಾಗಕ್ಕೆ ಬನ್ನಿ. ಬೇಕಂತಲೇ ತಮಾಷೆಗೆ ಭಾರಿ ಪದ ಹಾಕೋದು ಹೇಗೆ?

ಒಗ್ಗರಣೆ_ಸೌಟು:
ಅದನ್ನ ಕನ್ನಡಿಗರಿಗೆ ಹೇಳಿಕೊಡಬೇಕಾ? ಬಾಸ್ ಬೈದರೆ ‘ಮಂಗಳಾರತಿ ಆಯ್ತು’. ಸ್ವಲ್ಪ ಜಾಸ್ತಿ ಬೈದರೆ ‘ಸಹಸ್ರನಾಮ’. ಡಬ್ಬಿಯಲ್ಲಿದ್ದ ಚಕ್ಕುಲಿ ಖಾಲಿಯಾದರೆ ‘ಸ್ವಾಹಾ’. ಕೊಟ್ಟ ಸಾಲ ಬರದಿದ್ದರೆ ‘ಗೋವಿಂದ’. ಉದ್ದ ಕಥೆ ಹೇಳಿದರೆ ‘ಪುರಾಣ’. ಸಂಜೆಯದು ‘ತೀರ್ಥ’. ಅರ್ಧ ಗಂಟೆ ಕಾಯಿಸಿದವನು ‘ಪುಣ್ಯಾತ್ಮ’. ಕೆಲಸಕ್ಕೆ ಬಾರದ್ದನ್ನ ಮಾಡಿದರೆ ‘ಘನಂದಾರಿ ಕೆಲಸ’.

ಅಳತೆ ಹೇಳ್ತೀನಿ ಕೇಳಿ. ಪದ ಎಷ್ಟು ದೊಡ್ಡದೋ ವಿಷಯ ಅಷ್ಟು ಚಿಕ್ಕದಿರಬೇಕು. ಒಂದು ವಾಕ್ಯಕ್ಕೆ ಒಂದೇ ಪದ, ಎರಡಾದರೆ ಮಿಮಿಕ್ರಿ. ಮುಖದಲ್ಲಿ ನಗು ಬೇಡ. ಮುಖ್ಯವಾಗಿ ವಾಕ್ಯದ ಬಾಲ ನಿಮ್ಮೂರಿನದೇ ಇರಲಿ. ‘ಕಾಫಿ ಅವಸಾನದ ಅಂಚಿನಲ್ಲೈತೆ, ಬೇಗ ಬಾರ್ಲಾ’ ಅಂದ್ರೆ ನಗು ಬರುತ್ತೆ. ‘ಕಾಫಿಯು ಅವಸಾನದ ಅಂಚಿನಲ್ಲಿದೆ, ಶೀಘ್ರವಾಗಿ ಆಗಮಿಸು’ ಅಂದ್ರೆ ಕಾಫಿ ಆರಿಹೋಗುತ್ತೆ. ಅಚ್ಚುಮೊಳೆ ಹೇಳಿದ ಮೂರನೇ ಜಾಗ ಇದೇ. ಗಂಭೀರವಾಗಿ ಹೇಳುವಾಗಲೂ ಅಷ್ಟೇ: ‘ಅವರ ತಾಳ್ಮೆ ಅಸಾಧಾರಣ ಕಣ್ರೀ’ ಅಂದಾಗ ಆ ‘ಕಣ್ರೀ’ ಇಂದ ‘ಅಸಾಧಾರಣ’ ಮನೆಯೊಳಗೆ ಬಂತು.

ಪೂಜೆ ನಡೆಯೋ ಮನೆಯಲ್ಲಿ ಮಾತ್ರ ‘ಮಂಗಳಾರತಿ ಆಯ್ತಾ’ ಅಂತ ಕೇಳುವಾಗ ಮುಖ ಸರಿಯಾಗಿ ಇಟ್ಕೊಳ್ಳಿ.

ಧಾರವಾಡ_ಪೇಢೆ:
ಈ ಆಟ ಸಣ್ಣವರ ಮುಂದ, ಓರಗೆಯವರ ಮುಂದ ಮಾತ್ರ ಆಡ್ರಿ. ಶಬ್ದ ಗೊತ್ತಿಲ್ಲದವರ ಮುಂದ ಆಡಿದ್ರ ಅವರಿಗೆ ಹಂಗಿಸಿದಂಗ ಆಗ್ತದ. ದವಾಖಾನ್ಯಾಗ ‘ಭೋಜನಾನಂತರ ಸೇವಿಸಿ’ ಅಂತ ಹೇಳಿ ಕಳಿಸಿದ್ರ ಮುದುಕರು ಗೋಣು ಹಾಕತಾರ, ತಿಳೀತು ಅಂತಲ್ಲ, ಕೇಳಾಕ ನಾಚಿಕಿ ಅಂತ. ‘ಊಟ ಆದಮ್ಯಾಲ ತಗೋರಿ’ ಅನ್ನಾಕ ಏನು ರೊಕ್ಕ ಬೀಳ್ತದ?

ಹಳೆಹೊನ್ನು:
ಒಪ್ಪಿದೆ. ಆದರೂ ‘ಭೋಜನಾನಂತರ’ದಲ್ಲಿ ‘ಅನಂತರ’ ಸರಿಯಾಗಿ ಬಂದಿದೆ, ಗಮನಿಸಿ.

ಕುಡ್ಲ_ಮಾರಾಯ:
ಬಿಡಿ ಮಾರಾಯ್ರೆ ನೀವು!

ಅಚ್ಚುಮೊಳೆ:
‘ಮಾರಾಯ’ ಅಂದರೆ ‘ಮಹಾರಾಯ’. ಇದ್ದ ಪದಗಳಲ್ಲೇ ದೊಡ್ಡದನ್ನ ಇಷ್ಟು ಹೊತ್ತೂ ನೀವೇ ಬಳಸ್ತಾ ಇದ್ರಿ, ಯಾರೂ ನಗಲಿಲ್ಲ ನೋಡಿ.

ಸುಮ್ನೆ_ಓದೋನು:
ನನ್ನ ಚಹಾ ಅವಸಾನ ಆಯ್ತು. ಯಾರಾದ್ರೂ ಇನ್ನೊಂದು ದಯಮಾಡಿಸ್ರಪ್ಪಾ.

ಲಗತ್ತು_ಸಹಿತ:
ಚಹಾ ದಯಮಾಡಿಸಲ್ಲ, ತರಿಸೋದು. ಮೇಲೆ ಬರೆದಿದ್ದೀನಿ, ಓದೋನು ಅಂತ ಹೆಸರಿಟ್ಟುಕೊಂಡು ಓದೇ ಇಲ್ಲ.